ಹದಿಮೂರು ಎಣಿಸುತ್ತಾ ‘ರೆಡ್’ ಕಲಿತದ್ದು

ಹದಿಮೂರರ ತನಕ ಎಣಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು. ವಯಸ್ಸು ನಲವತ್ತೊಂದು, ಕೆಲಸ ಅಕೌಂಟ್ಸು. ದಿನಾ ಲಕ್ಷಗಟ್ಟಲೆ ಲೆಕ್ಕ ನೋಡುವವನು ನಾನು. ಆದರೂ ಕೈಯಲ್ಲಿ ಬೇಸ್ ಗಿಟಾರ್ ಇದ್ದಾಗ ಹತ್ತು ದಾಟಿದರೆ ಸಾಕು, ಬೆರಳುಗಳು ತಾವಾಗಿಯೇ ಹನ್ನೆರಡಕ್ಕೆ ಅಂಗಡಿ ಮುಚ್ಚಿಬಿಡುತ್ತಿದ್ದವು.

ಹಾಡಿನ ಹೆಸರು ‘ಸ್ಟಾರ್‌ಲೆಸ್’. ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ಬ್ಯಾಂಡಿನ ‘ರೆಡ್’ ಆಲ್ಬಮ್ಮಿನ ಕೊನೆಯ ಹಾಡು, 1974ರದ್ದು. ಹನ್ನೆರಡು ನಿಮಿಷಕ್ಕಿಂತ ಸ್ವಲ್ಪ ಉದ್ದ. ಅದರ ಮಧ್ಯೆ ನಾಲ್ಕು ನಿಮಿಷಕ್ಕೂ ಜಾಸ್ತಿ ಹೊತ್ತು ಬೇಸ್ ಗಿಟಾರ್ ಹದಿಮೂರು ಏಟಿನ ಒಂದು ಸಾಲನ್ನು ನುಡಿಸುತ್ತಲೇ ಇರುತ್ತದೆ. ಕಷ್ಟದ ಸಾಲಲ್ಲ. ಒಂದು ಸಲ ನುಡಿಸಿ ಅಂದರೆ ಕಲಿತು ಒಂದು ವಾರ ಆದವರೂ ನುಡಿಸುತ್ತಾರೆ. ನಾಲ್ಕು ನಿಮಿಷ ನುಡಿಸಿ ಅಂದಾಗ ಗೊತ್ತಾಗುತ್ತದೆ.

ಈ ಆಲ್ಬಮ್ ನನಗೆ ಮೊದಲು ಸಿಕ್ಕಿದ್ದು ಶಿವಮೊಗ್ಗದಲ್ಲಿ ಬಿ.ಕಾಂ. ಓದುವಾಗ. ಹಾಸ್ಟೆಲಿನ ಸೀನಿಯರ್ ಒಬ್ಬರ ಎಂಪಿ3 ಸಿಡಿಯಲ್ಲಿ ನೂರೈವತ್ತು ಹಾಡುಗಳ ನಡುವೆ ಇದೂ ಇತ್ತು. ಆಗ ನನಗೆ ಇಷ್ಟವಾಗಿದ್ದು ಇದೇ ಬ್ಯಾಂಡಿನ 1969ರ ಮೊದಲ ಆಲ್ಬಮ್. ಮುಖಪುಟದಲ್ಲಿ ಬಾಯಿ ತೆರೆದು ಕಿರುಚುವ ಮುಖ, ಒಳಗೆ ರಾಣಿ, ವಿದೂಷಕ, ಮಾಟಗಾತಿ, ಕೊಳಲು, ಮೇಳದ ಹಾಗೆ ತುಂಬಿಕೊಳ್ಳುವ ಮೆಲೋಟ್ರಾನ್ ಅನ್ನುವ ಕೀಲಿಮಣೆ ವಾದ್ಯ. ಹತ್ತೊಂಬತ್ತರ ಹುಡುಗನಿಗೆ ಇನ್ನೇನು ಬೇಕು? ‘ರೆಡ್’ನಲ್ಲಿ ಆ ದರ್ಬಾರು ಇರಲಿಲ್ಲ. ನ್ಯೂಯಾರ್ಕಿನ ಬೀದಿಯಲ್ಲಿ ಚಾಕುವಿಗೆ ಬಲಿಯಾದ ತಮ್ಮ ಒಂದು ಹಾಡಿನಲ್ಲಿ. ಇನ್ನೊಂದರಲ್ಲಿ ವಿಮಾನ ಬೀಳುವ ಕೆಟ್ಟ ಕನಸು. ಎಚ್ಚರಾಗಿ ನೋಡಿದರೆ ಕನಸು ಕಂಡವನು ಕೂತಿರುವುದು ಬಸ್ಸಿನಲ್ಲಿ. ವೇಷ ಕಳಚಿ, ಬಣ್ಣ ಒರೆಸಿಕೊಂಡು, ಬೆಳಗಿನ ಜಾವ ಚೌಕಿಯಲ್ಲಿ ಬೀಡಿ ಹಚ್ಚಿ ಕೂತ ಯಕ್ಷಗಾನ ಕಲಾವಿದರನ್ನು ನೋಡಿದ ಹಾಗೆ ಅನ್ನಿಸಿತು ನನಗೆ. ಆ ವಯಸ್ಸಿಗೆ ಅದು ಬೇಡವಾಗಿತ್ತು. ‘ಸ್ಟಾರ್‌ಲೆಸ್’ ಅನ್ನು ಐದನೇ ನಿಮಿಷಕ್ಕೆ ನಿಲ್ಲಿಸಿ ಮುಂದಿನ ಹಾಡಿಗೆ ಹೋಗುತ್ತಿದ್ದೆ. ಸಿಡಿ ಹಾಳಾಗಿ ಅಲ್ಲೇ ಸಿಕ್ಕಿಹಾಕಿಕೊಂಡಿದೆ ಅಂತ ಒಂದೆರಡು ಸಲ ನಿಜವಾಗಲೂ ಅಂದುಕೊಂಡಿದ್ದೆ.

2019ರಲ್ಲಿ ಕಿಂಗ್ ಕ್ರಿಮ್ಸನ್ನಿನ ಆಲ್ಬಮ್‌ಗಳೆಲ್ಲ ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಬಂದವು. ಬ್ಯಾಂಡಿನ ಹಿರಿತಲೆ ರಾಬರ್ಟ್ ಫ್ರಿಪ್ ಅಲ್ಲಿಯವರೆಗೆ ಅದಕ್ಕೆ ಒಪ್ಪಿರಲಿಲ್ಲ. ಒಂದು ಸಂಜೆ ಆಫೀಸ್ ಕ್ಯಾಬ್ ಸಿಲ್ಕ್ ಬೋರ್ಡ್‌ನಲ್ಲಿ ನಿಂತಿತ್ತು. ಸುಮ್ನೆ ‘ರೆಡ್’ ಹಾಕಿದೆ. ಸರಿಯಾಗಿ ‘ಸ್ಟಾರ್‌ಲೆಸ್’ ಬರುವ ಹೊತ್ತಿಗೆ ಗಾಡಿಗಳೆಲ್ಲ ಪೂರ್ತಿ ನಿಂತವು. ಹಾಡೂ ನಿಂತಲ್ಲೇ ನಿಂತಿತ್ತು. ಗಿಟಾರಿನಲ್ಲಿ ಒಂದೇ ಸ್ವರ, ಮತ್ತೆ ಅದೇ ಸ್ವರ, ಮತ್ತೆ ಅದೇ. ನಾನು ಮಾತ್ರ ಸೀಟಿನ ತುದಿಗೆ ಬಂದು ಕೂತಿದ್ದೆ. ಪಕ್ಕದವರು "ಏನ್ ಸಾರ್, ಇಳೀತೀರಾ?" ಅಂತ ಕೇಳಿದರು.

ನಮ್ಮದು ನಾಲ್ಕು ಜನರ ತಂಡ. ಗಿಟಾರ್, ಡ್ರಮ್ಸ್, ಕೀಬೋರ್ಡ್, ಬೇಸ್. ಎಲ್ಲರೂ ನೌಕರಿಯವರು, ಎಲ್ಲರಿಗೂ ಸೊಂಟ ನೋವು. ಶನಿವಾರ ಸಂಜೆ ಜಯನಗರದ ಕಡೆ ಒಂದು ಜಾಮ್ ರೂಮಿನಲ್ಲಿ ಎರಡು ಗಂಟೆ. ಹನ್ನೊಂದು ವರ್ಷ ಇಂಗ್ಲಿಷ್ ಹಾಡುಗಳ ನಕಲು ನುಡಿಸಿ, ಆಫೀಸಿನ ಪಾರ್ಟಿಗಳಲ್ಲಿ ಚಪ್ಪಾಳೆ ತಗೊಂಡು ಆಗಿತ್ತು. ಈ ಹಾಡು ಮಾಡೋಣ ಅಂದಾಗ ಡ್ರಮ್ಮರ್ ಕೇಳಿದ ಮೊದಲ ಪ್ರಶ್ನೆ, "ಯಾರು ಕೇಳ್ತಾರೆ ಇದನ್ನ?" ಯಾರೂ ಕೇಳಬೇಕಿಲ್ಲ ಅಂತ ತೀರ್ಮಾನವಾಯಿತು. ಒಂದು ಸಲ ತಪ್ಪಿಲ್ಲದೆ ಪೂರ್ತಿ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಸಾಕು.

ಮೊದಲ ತಿಂಗಳು ಕಿವಿಯ ಕೆಲಸ. ಹಾಡನ್ನು ಅರ್ಧ ವೇಗಕ್ಕೆ ಇಳಿಸಿ ಕೇಳುವುದು, ಬರೆದುಕೊಳ್ಳುವುದು. ಶುರುವಿನ ಹಾಡುವ ಭಾಗ ಬೇಗ ಬಂತು. ಜಿ ಮೈನರ್, ನಿಧಾನ, ಅಳುಮುಖದ ಸುಂದರ ಮಟ್ಟು. ಕೀಬೋರ್ಡಿನವನು ಮೆಲೋಟ್ರಾನ್ ಶಬ್ದವನ್ನು ಒಂದು ಆ್ಯಪ್‌ನಿಂದ ತೆಗೆದ. ನಿಜವಾದ ಮೆಲೋಟ್ರಾನ್ ವಿಚಿತ್ರ ವಾದ್ಯ. ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ತುಂಡು, ಅದರಲ್ಲಿ ಪಿಟೀಲುಗಳ ರೆಕಾರ್ಡಿಂಗ್. ಕೀಲಿ ಒತ್ತಿದರೆ ಟೇಪ್ ಓಡುತ್ತದೆ. ಸುಮಾರು 8 ಸೆಕೆಂಡಿಗೆ ಟೇಪ್ ಮುಗಿದು ದನಿ ನಿಂತೇ ಹೋಗುತ್ತದೆ. ಆ ಹಳೇ ಟೇಪಿನ ನಡುಕ ಇದೆಯಲ್ಲ, ಒದ್ದೆ ಕಂಬಳಿಯ ಹಾಗಿರುವ ಆ ದನಿ, ಅದು ಆ್ಯಪ್‌ನಲ್ಲಿ ಮುಕ್ಕಾಲು ಪಾಲು ಬಂತು.

ಎರಡನೇ ತಿಂಗಳು ಕೀಬೋರ್ಡಿನವನಿಗೆ ಪುಣೆಗೆ ವರ್ಗವಾಯಿತು. ಹೋದ. ಇದು ಇಲ್ಲಿಗೇ ಮುಗೀತು ಅಂದುಕೊಂಡೆವು. ಅದೇ ಬೇಜಾರಿನಲ್ಲಿ ಈ ಆಲ್ಬಮ್ ಹೇಗಾಯಿತು ಅಂತ ಓದಲು ಕೂತೆ. ನೋಡಿದರೆ ಅವರ ಮನೆಯಲ್ಲೂ ಅದೇ ಗೋಳು. 1974ರ ಜುಲೈ 1ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಆ ತಂಡದ ಕೊನೇ ಕಛೇರಿ. ಅದಾದ ಮೇಲೆ ಪಿಟೀಲಿನ ಡೇವಿಡ್ ಕ್ರಾಸ್ ತಂಡದಲ್ಲಿಲ್ಲ. ಬೇಸ್‌ನ ಜಾನ್ ವೆಟನ್, ಡ್ರಮ್ಸ್‌ನ ಬಿಲ್ ಬ್ರೂಫರ್ಡ್ ಎಷ್ಟು ಜೋರಾಗಿ ನುಡಿಸುತ್ತಿದ್ದರೆಂದರೆ ಅವರ ಮಧ್ಯೆ ಪಿಟೀಲು ಕೇಳಿಸುತ್ತಲೇ ಇರಲಿಲ್ಲ. ಆ ಇಬ್ಬರನ್ನು ಫ್ರಿಪ್ ಕರೆದದ್ದೇ ಹಾರುವ ಇಟ್ಟಿಗೆ ಗೋಡೆ ಅಂತ. ಉಳಿದ ಮೂವರು ಅದೇ ಜುಲೈ, ಆಗಸ್ಟ್‌ನಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಕೂತು ‘ರೆಡ್’ ಮುಗಿಸಿದರು. ಕ್ರಾಸ್ ಅವರ ಪಿಟೀಲು ಆಲ್ಬಮ್ಮಿನಲ್ಲಿ ಕೇಳುವುದು ‘ಪ್ರಾವಿಡೆನ್ಸ್’ನಲ್ಲಿ. ಅದು ಜೂನ್ 30ರಂದು ಪ್ರಾವಿಡೆನ್ಸ್ ಅನ್ನುವ ಊರಿನ ವೇದಿಕೆಯಲ್ಲಿ ಆಗಿಂದಾಗಲೇ ಹುಟ್ಟಿದ ಸಂಗೀತ. (ಅದನ್ನು ನಾನು ಇವತ್ತಿಗೂ ಪೂರ್ತಿ ಇಷ್ಟಪಡುವುದಿಲ್ಲ. ಎಂಟು ನಿಮಿಷದಲ್ಲಿ ಮೊದಲ ನಾಲ್ಕು ಯಾರೋ ಕತ್ತಲೆಯಲ್ಲಿ ಸ್ವಿಚ್ ಹುಡುಕುತ್ತಿರುವ ಹಾಗಿದೆ.)

ಹೆಚ್ಚು ಕಾಡಿದ ಸಂಗತಿ ಇನ್ನೊಂದು. ರೆಕಾರ್ಡಿಂಗ್ ನಡೆಯುವಾಗ ಫ್ರಿಪ್ ಅಭಿಪ್ರಾಯ ಹೇಳುವುದನ್ನೇ ಬಿಟ್ಟಿದ್ದರಂತೆ. ಇದು ಸರಿಯಾ ಅಂತ ಕೇಳಿದರೆ ಮೌನ. ಆಲ್ಬಮ್ ಅಂಗಡಿಗೆ ಬಂದದ್ದು ಅಕ್ಟೋಬರಿನಲ್ಲಿ. ಅದಕ್ಕೂ ಮುಂಚೆ, ಸೆಪ್ಟೆಂಬರಿನಲ್ಲೇ, ಬ್ಯಾಂಡು ಮುಗಿಯಿತು ಅಂತ ಹೇಳಿಬಿಟ್ಟರು. ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಅದು ಏರಿದ್ದು 45ನೇ ಸ್ಥಾನದವರೆಗೆ ಮಾತ್ರ.

ಸರಿ, ಮೂವರೇ ಮಾಡೋಣ ಅಂದ ಗಿಟಾರಿನವನು. ಮೆಲೋಟ್ರಾನ್ ಕೆಲಸವನ್ನು ಮೊದಲೇ ರೆಕಾರ್ಡ್ ಮಾಡಿಟ್ಟು ಕಾಲಿನ ಪೆಡಲ್‌ನಿಂದ ಬಿಡುವುದು ಅಂತಾಯಿತು.

ಈಗ ಹದಿಮೂರರ ವಿಷಯ. ನಾನು ಮನಸ್ಸಿನಲ್ಲೇ ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದೆ. ಒಂದು ಭಾನುವಾರ ಗಿಟಾರಿನವನ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಅವನ ತಂದೆ ಬಾಗಿಲಲ್ಲಿ ನಿಂತರು. ಬ್ಯಾಂಕಿನಿಂದ ರಿಟೈರ್ ಆದವರು, ಭಜನೆ ಮಂಡಳಿಯಲ್ಲಿ ಮೃದಂಗ ನುಡಿಸುತ್ತಾರೆ.

"ಏನಪ್ಪಾ, ಪ್ರತಿ ಸಲ ಒಂದೇ ಜಾಗದಲ್ಲಿ ಎಡವ್ತಿದ್ದೀಯಲ್ಲ?"

"ಹದಿಮೂರು ಏಟು ಅಂಕಲ್. ಎಣಿಕೆ ತಪ್ಪುತ್ತೆ."

"ಎಣಿಸ್ತಾ ಕೂತ್ರೆ ತಪ್ಪದೆ ಏನಾಗುತ್ತೆ? ಬಾಯಲ್ಲಿ ಹೇಳು."

ಕೂತು, ತೊಡೆ ತಟ್ಟುತ್ತಾ ಹೇಳಿಕೊಟ್ಟರು. ತಕಧಿಮಿ, ತಕಧಿಮಿ, ತದಿಗಿಣತೊಂ. ನಾಲ್ಕು, ನಾಲ್ಕು, ಐದು. ಹತ್ತು ನಿಮಿಷದಲ್ಲಿ ಬಾಯಿಗೆ ಕೂತಿತು, ಅರ್ಧ ಗಂಟೆಯಲ್ಲಿ ಬೆರಳಿಗೆ ಇಳಿಯಿತು. ಎರಡು ತಿಂಗಳು ಒದ್ದಾಡಿದ್ದು ನೆನೆದು ನಾಚಿಕೆಯಾಯಿತು. ಅಂಕಲ್ ಮೂಲ ಹಾಡನ್ನೂ ಎರಡು ನಿಮಿಷ ಕೇಳಿದರು. "ಮಂಗಳ ಹಾಡೋ ಹೊತ್ತಿಗೆ ಕರೀರಿ" ಅಂತ ಹೇಳಿ ಕಾಫಿ ಕುಡಿಯಲು ಹೋದರು.

ಸಮಸ್ಯೆ ತೀರಿತು ಅಂದುಕೊಂಡೆ. ಮುಂದಿನ ಶನಿವಾರ ಜಾಮ್ ರೂಮಿನಲ್ಲಿ ಹೊಸ ಸಮಸ್ಯೆ. ತಾಳ ತಪ್ಪಲಿಲ್ಲ, ಆದರೆ ಹಾಡು ಕುಣಿಯತೊಡಗಿತು! ಪ್ರತಿ ‘ತ’ ಬಂದಾಗ ನಾನು ಗೊತ್ತಿಲ್ಲದೆ ಒತ್ತು ಕೊಡುತ್ತಿದ್ದೆ. ತಕಧಿಮಿಗೆ ಒಂದು ನಗು ಇದೆ, ಅದು ಕೇಳುವವರ ಕತ್ತನ್ನು ಆಡಿಸುತ್ತದೆ. ಈ ಹಾಡಿಗೆ ಬೇಕಾದ್ದು ಕತ್ತು ಆಡಿಸುವವರಲ್ಲ, ಉಸಿರು ಬಿಗಿ ಹಿಡಿದವರು. ವೆಟನ್ ನುಡಿಸುವಾಗ ಲೆಕ್ಕ ಎಲ್ಲೂ ಕಾಣುವುದಿಲ್ಲ. ಭಾರದ ವಸ್ತು ಎಳೆದುಕೊಂಡು ಬರುವ ಹಾಗೆ ಆ ಸಾಲು ಬರುತ್ತದೆ. ಕೊನೆಗೆ ಒಂದು ಏಟು ಜಾಸ್ತಿಯೋ ಕಮ್ಮಿಯೋ ಅನ್ನುವ ಅನುಮಾನ ಕೇಳುವವರಿಗೆ ಇದ್ದೇ ಇರುತ್ತದೆ. ಆ ಅನುಮಾನ ಉಳಿಯಬೇಕು. ಅಂದರೆ ತಾಳ ನನಗೆ ಗೊತ್ತಿರಬೇಕು, ಹೊರಗೆ ಬರಬಾರದು. ಸೊಲ್ಲನ್ನು ಕಲಿಯಲು ಅರ್ಧ ಗಂಟೆ, ನುಂಗಲು ಇನ್ನೆರಡು ತಿಂಗಳು.

ಈ ಹದಿಮೂರರ ಸಾಲು ಹುಟ್ಟಿದ್ದು ಡ್ರಮ್ಮರ್ ಬ್ರೂಫರ್ಡ್ ತಲೆಯಲ್ಲಿ ಅಂತ ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಹಾಡಿನ ಮೊದಲ ಭಾಗ ವೆಟನ್ ತಂದದ್ದು. ಫ್ರಿಪ್, ಬ್ರೂಫರ್ಡ್ ಇಬ್ಬರೂ ಮೊದಲು ಬೇಡ ಅಂದಿದ್ದರು. ಹಾಡು ಮೂಲೆ ಸೇರಿತು. ಅದರ ಉದ್ದ ಹೆಸರನ್ನು ಮಾತ್ರ 1974ರ ಮಾರ್ಚಿನಲ್ಲಿ ಬಂದ ಹಿಂದಿನ ಆಲ್ಬಮ್ಮಿಗೆ ಇಟ್ಟುಕೊಂಡರು. ‘ಸ್ಟಾರ್‌ಲೆಸ್ ಆ್ಯಂಡ್ ಬೈಬಲ್ ಬ್ಲ್ಯಾಕ್’ ಅಂತ, ಡಿಲನ್ ಥಾಮಸ್ ರೇಡಿಯೋ ನಾಟಕದ ಮಾತು ಅದು. ಆಮೇಲೆ ಹಾಡು ವಾಪಸ್ ಬಂದಾಗ ಹೆಸರು ಖರ್ಚಾಗಿತ್ತು. ಮೊದಲ ಪದವೊಂದೇ ಉಳಿಯಿತು.

ನನ್ನ ಕಷ್ಟ ಇದಾದರೆ ಗಿಟಾರಿನವನದು ಬೇರೆ. ಆ ನಾಲ್ಕು ನಿಮಿಷ ಅವನು ನುಡಿಸಬೇಕಾದ್ದು ಒಂದು ಸ್ವರ. ಅದೇ ಸ್ವರವನ್ನು ಎರಡು ತಂತಿಗಳ ಮೇಲೆ ಹಿಡಿದು ಬಾರಿಸುತ್ತಾ ಇರುವುದು. ಎಷ್ಟೋ ಹೊತ್ತಾದ ಮೇಲೆ ಒಂದು ಮೆಟ್ಟಿಲು ಮೇಲೆ. ಮತ್ತೆ ಅಲ್ಲೇ. ಅವನು ನಮ್ಮಲ್ಲಿ ಎಲ್ಲರಿಗಿಂತ ಚುರುಕು, ಬೆರಳು ಓಡಿಸಿ ಚಪ್ಪಾಳೆ ಗಿಟ್ಟಿಸಿದವನು. ಮೊದಲ ವಾರಗಳಲ್ಲಿ ತಂತಿ ಎಳೆದ, ನಡುಗಿಸಿದ, ಅಕ್ಕಪಕ್ಕದ ಸ್ವರ ಮುಟ್ಟಿ ಬಂದ. ಏನು ಮಾಡಿದರೂ ಹಾಡು ಚಪ್ಪೆಯಾಯಿತು. ಏನೂ ಮಾಡದೆ ನುಡಿಸಿದ ದಿನ ಕೋಣೆಯಲ್ಲಿ ಗಾಳಿ ಬಿಗಿಯಾಯಿತು. ಮುಗಿದ ಮೇಲೆ, "ಬೆರಳು ನೋಯ್ಲಿಲ್ಲ ಕಣೋ, ತಲೆ ನೋಯ್ತಿದೆ" ಅಂದ.

ಡ್ರಮ್ಮರ್‌ಗೆ ಇನ್ನೂ ಅನ್ಯಾಯ. ಆ ಭಾಗದಲ್ಲಿ ಬ್ರೂಫರ್ಡ್ ತುಂಬಾ ಹೊತ್ತು ಡ್ರಮ್ ಸೆಟ್ಟನ್ನು ಸರಿಯಾಗಿ ಮುಟ್ಟುವುದೇ ಇಲ್ಲ. ಅಲ್ಲೊಂದು ಇಲ್ಲೊಂದು ಮರದ ಟಕ್ ಟಕ್, ಸಿಂಬಲ್ಲಿನ ಅಂಚಿಗೆ ಒಂದು ಸವರು. ನಮ್ಮವನು ಮರದ ಟಕ್‌ಗೆ ಅಂತ ಮನೆಯಿಂದ ಎರಡು ಗೆರಟೆ ತಂದ. ಕುದುರೆ ಬಂತು. ನಗು ತಡೆಯಲಾಗದೆ ಆ ದಿನದ ಅಭ್ಯಾಸ ಅಲ್ಲಿಗೇ ನಿಂತಿತು. ಕೊನೆಗೆ ಬಡಗಿಯ ಹತ್ತಿರ ಒಂದು ತೇಗದ ತುಂಡು ಸಿಕ್ಕಿತು. ಇದೇ ಆಲ್ಬಮ್ಮಿನ ‘ಒನ್ ಮೋರ್ ರೆಡ್ ನೈಟ್‌ಮೇರ್’ ಹಾಡಿನಲ್ಲಿ ತಗಡು ಬಡಿದಂತೆ ಕೇಳುವ ಸಿಂಬಲ್ಲನ್ನು ಬ್ರೂಫರ್ಡ್ ಕಸದ ಡಬ್ಬದಿಂದ ಎತ್ತಿಕೊಂಡಿದ್ದರು ಅಂತ ಹೇಳಿದಾಗ ಅವನಿಗೆ ಸಮಾಧಾನವಾಯಿತು. ಜಾಮ್ ರೂಮಿನ ಒಡೆದ ಸಿಂಬಲ್ ಬಗ್ಗೆ ಅವತ್ತಿನಿಂದ ದೂರು ಬರಲಿಲ್ಲ.

ಐದನೇ ತಿಂಗಳು ಮೊದಲ ಸಲ ಪೂರ್ತಿ ನುಡಿಸಿದೆವು. ಖುಷಿಯಿಂದ ರೆಕಾರ್ಡಿಂಗ್ ಕೇಳಿದರೆ ಮಧ್ಯದ ಭಾಗ ಮೂಲಕ್ಕಿಂತ 40 ಸೆಕೆಂಡು ಬೇಗ ಮುಗಿದಿತ್ತು. ಮುಂದಿನ ವಾರ 35. ಅದರ ಮುಂದಿನ ವಾರ ಮತ್ತೆ 40. ಮೂವರಲ್ಲಿ ಯಾರೂ ಓಡುತ್ತಿರಲಿಲ್ಲ, ಆದರೂ ಮೂವರೂ ಓಡುತ್ತಿದ್ದೆವು. ಮುಂದೆ ವೇಗದ ಭಾಗ ಬರುತ್ತದೆ, ಅಲ್ಲಿ ಮಜಾ ಇದೆ ಅಂತ ನಮಗೆ ಗೊತ್ತು. ಕೈಗಳು ಅದರ ಆಸೆಗೆ ಜಾರುತ್ತಿದ್ದವು.

ಆ ರಾತ್ರಿ ಮನೆಗೆ ಬಂದು ಸುಮ್ನೆ ಒಂದು ಲೆಕ್ಕ ಹಾಕಿದೆ. ಫ್ರಿಪ್ ಹುಟ್ಟಿದ್ದು 1946ರಲ್ಲಿ. ವೆಟನ್, ಬ್ರೂಫರ್ಡ್ ಇಬ್ಬರೂ 1949ರಲ್ಲಿ. ಈ ಹಾಡು ರೆಕಾರ್ಡ್ ಆದಾಗ ಒಬ್ಬರಿಗೆ 28, ಇಬ್ಬರಿಗೆ 25. ಎಲ್ಲರೂ ‘ರೆಡ್’ ಬಗ್ಗೆ ಪಕ್ವ, ಗಂಭೀರ, ಕತ್ತಲೆಯ ಆಲ್ಬಮ್ ಅಂತ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಅದನ್ನು ಮಾಡಿದವರು ನಮ್ಮ ಆಫೀಸಿನಲ್ಲಿ ಟ್ರೈನಿಗಳಾಗಿ ಬರುವ ಹುಡುಗರ ವಯಸ್ಸಿನವರು. ಅವರು ಕಾದರು. ಮೂವರು ನಲವತ್ತು ದಾಟಿದವರಿಗೆ 40 ಸೆಕೆಂಡು ಕಾಯಲು ಆಗುತ್ತಿಲ್ಲ. ಹೆಂಡತಿಗೆ ಹೇಳಿದೆ. "ನೀವು ಸಿಗ್ನಲ್ಲಲ್ಲಿ ಹಾರ್ನ್ ಹೊಡೆಯೋದು ನೋಡಿದ್ರೆ ಗೊತ್ತಾಗಲ್ವಾ" ಅಂದಳು.

ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಹಾಕಿಕೊಂಡು ನುಡಿಸಿದೆವು. ಸಮಯ ಸರಿಹೋಯಿತು, ಹಾಡು ಸತ್ತಿತು. ಅದನ್ನು ಬಿಟ್ಟೆವು. ಕೊನೆಗೆ ದೀಪ ಆರಿಸಿ ನುಡಿಸಿದ್ದು ಕೆಲಸಕ್ಕೆ ಬಂತು. ಒಬ್ಬರ ಮುಖ ಒಬ್ಬರು ನೋಡುವುದು, ಕಣ್ಣಲ್ಲೇ "ಈಗ್ಲಾ?" ಅಂತ ಕೇಳುವುದು ನಿಂತಿತು. 40 ಸೆಕೆಂಡು 12ಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ.

ಉಳಿದದ್ದು ಸ್ಯಾಕ್ಸೋಫೋನ್. ಮೂಲದಲ್ಲಿ ಮೆಲ್ ಕಾಲಿನ್ಸ್, ಇಯಾನ್ ಮೆಕ್‌ಡೊನಾಲ್ಡ್ ನುಡಿಸಿದ್ದಾರೆ, ಇಬ್ಬರೂ ಬ್ಯಾಂಡಿನ ಹಳಬರು. ಮನೆ ಖಾಲಿ ಮಾಡುವ ದಿನ ಹಳೇ ಬಾಡಿಗೆದಾರರೂ ಬಂದು ಸಾಮಾನು ಎತ್ತಲು ಕೈಹಚ್ಚಿದ ಹಾಗೆ. ಆ ವೇಗದ ಭಾಗಕ್ಕೆ ಸ್ಯಾಕ್ಸ್ ಇಲ್ಲದಿದ್ದರೆ ಆಗುವುದೇ ಇಲ್ಲ. ಗಿಟಾರಿನಲ್ಲಿ ನುಡಿಸಿ ನೋಡಿದೆವು, ಸಪ್ಪೆ.

ಬೆಂಗಳೂರಿನಲ್ಲಿ ಹುಡುಕುತ್ತಿದ್ದೆವು. ಹುಡುಕಬೇಕಾದ್ದು ಘಟ್ಟದ ಕೆಳಗೆ ಅಂತ ಹೊಳೆಯಲೇ ಇಲ್ಲ. ಕದ್ರಿ ಗೋಪಾಲನಾಥರ ಊರದು. ದೇವಸ್ಥಾನದ ಉತ್ಸವ, ಮದುವೆ ಅಂದರೆ ಅಲ್ಲಿ ಸ್ಯಾಕ್ಸೋಫೋನ್ ಇರಲೇಬೇಕು. ಸಹೋದ್ಯೋಗಿಯೊಬ್ಬರ ಸೋದರಳಿಯ ಬಂಟ್ವಾಳದ ಕಡೆ ಮದುವೆಗಳಲ್ಲಿ ನುಡಿಸುತ್ತಾನೆ ಅಂತ ಗೊತ್ತಾಯಿತು. ಬೆಂಗಳೂರಿಗೆ ಒಂದು ಮುಂಜಿಗೆ ಬಂದವನನ್ನು ಶನಿವಾರ ಮಧ್ಯಾಹ್ನ ಜಾಮ್ ರೂಮಿಗೆ ಕರೆತಂದೆವು. ಇಪ್ಪತ್ತಮೂರರ ಹುಡುಗ.

"ಶ್ರುತಿ ಎಷ್ಟು?"

"ಜಿ ಮೈನರ್."

"ಮೈನರ್ ಎಲ್ಲ ನಂಗೆ ಗೊತ್ತಾಗುದಿಲ್ಲ. ಷಡ್ಜ ಯಾವುದು, ಅಷ್ಟು ಹೇಳಿ."

ಹೇಳಿದೆವು. ಮಟ್ಟನ್ನು ಎರಡು ಸಲ ಕೇಳಿ, "ನಠಭೈರವಿ ಹತ್ತಿರ ಹತ್ತಿರ ಉಂಟಲ್ಲ" ಅಂದ. ಮೂರನೇ ಸಲ ನುಡಿಸಿಯೇಬಿಟ್ಟ. ನಾವು ತಿಂಗಳುಗಟ್ಟಲೆ ಮಾಡಿದ್ದನ್ನು ಹುಡುಗ ಚಹಾ ಆರುವುದರೊಳಗೆ ಮುಗಿಸಿದ. ಆದರೆ ಸ್ವರ ಸ್ವರಕ್ಕೂ ಗಮಕ. ಕತ್ತಲೆಯ ಹಾಡಿನೊಳಗೆ ಯಾರೋ ಮಂಗಳಾರತಿ ತಂದ ಹಾಗಾಯಿತು.

"ಗಮಕ ಸ್ವಲ್ಪ ಕಮ್ಮಿ ಮಾಡ್ತೀರಾ?" ಅಂದ ಗಿಟಾರಿನವನು.

"ಗಮಕ ಇಲ್ಲದಿದ್ರೆ ಶಾಲೆಯ ಪ್ರಾರ್ಥನೆ ಆಗ್ತದೆ ಮಾರಾಯ್ರೆ."

ಅರ್ಧ ಅವನ ಮಾತಿಗೆ, ಅರ್ಧ ನಮ್ಮ ಮಾತಿಗೆ ಅಂತ ರಾಜಿಯಾಯಿತು. ಹದಿಮೂರು ಏಟಿನ ವೇಗದ ಭಾಗ ಬಂದಾಗ ಅವನು ಎಣಿಸಲೇ ಇಲ್ಲ. ಕಣ್ಣು ಮುಚ್ಚಿ ಪಾದದಲ್ಲಿ ಏನೋ ಹಾಕುತ್ತಿದ್ದ, ಸರಿಯಾಗಿ ಬಂದು ಇಳಿಯುತ್ತಿದ್ದ. ಹೇಗೆ ಅಂತ ಕೇಳಿದರೆ, "ನೀವು ಮೂವರು ಬೀಳುವಲ್ಲಿ ನಾನೂ ಬೀಳುದು" ಅಂದ.

ಸಂಜೆ ಏಳಕ್ಕೆ ರೆಕಾರ್ಡಿಂಗ್. ಮೊದಲ ಸಲ ನನ್ನಿಂದ ಹಾಳಾಯಿತು, ಎರಡನೇ ಸಲ ಪೆಡಲ್ ಕೈಕೊಟ್ಟಿತು. ಮೂರನೇ ಸಲ ದೀಪ ಆರಿಸಿದೆವು. ‘ರೆಡ್’ ಆಲ್ಬಮ್ಮಿನ ಹಿಂಬದಿಯಲ್ಲಿ ಶಬ್ದ ಅಳೆಯುವ ಮೀಟರಿನ ಚಿತ್ರವಿದೆ, ಮುಳ್ಳು ಕೆಂಪು ಗೆರೆಗೆ ಹೋಗಿ ನಿಂತಿದೆ. ನಮ್ಮ ಫೋನಿನಲ್ಲೂ ಒಂಬತ್ತನೇ ನಿಮಿಷದಿಂದ ಪಟ್ಟಿ ಕೆಂಪಾಯಿತು. ಜಾಮ್ ರೂಮಿನ ಹುಡುಗ ಸನ್ನೆ ಮಾಡಿದ, ಕಮ್ಮಿ ಮಾಡಲಾ ಅಂತ. ಯಾರಿಗೂ ಕೈ ಬಿಡುವಿರಲಿಲ್ಲ. ವೇಗದ ಭಾಗ ಮುಗಿದು ಶುರುವಿನ ಅದೇ ಮಟ್ಟು ವಾಪಸ್ ಬಂತು. ಈ ಸಲ ಅಳುಮುಖವಿಲ್ಲ. ಅದೇ ಸ್ವರಗಳು, ಮೈತುಂಬಾ ಗಾಯ ಮಾಡಿಕೊಂಡು ಬಂದವರ ಹಾಗೆ. ಹುಡುಗ ಗಮಕ ಪೂರ್ತಿ ಬಿಟ್ಟಿದ್ದ. ಯಾರೂ ಹೇಳಿರಲಿಲ್ಲ.

ರೆಕಾರ್ಡಿಂಗ್ ನನ್ನ ಫೋನಿನಲ್ಲಿದೆ. 12 ನಿಮಿಷ 6 ಸೆಕೆಂಡು. ಎರಡು ಕಡೆ ನಾನು ತಪ್ಪಿದ್ದೇನೆ. ಹತ್ತನೇ ನಿಮಿಷದಲ್ಲಿ ಮುಂದಿನ ಬ್ಯಾಂಡಿನವರು ಬಾಗಿಲು ತಟ್ಟಿದ್ದು ಕೇಳುತ್ತದೆ. ಕೊನೆಯ ಸ್ವರ ಕರಗುತ್ತಾ ಹೋಗುವಾಗ, ಅದು ಪೂರ್ತಿ ಆರುವ ಮುಂಚೆ, ಹುಡುಗನ ದನಿ: "ಅಣ್ಣ, ಮೆಜೆಸ್ಟಿಕ್‌ಗೆ ಇಲ್ಲಿಂದ ಎಷ್ಟು ಹೊತ್ತು ಬೇಕು? ನಂಗೆ ಹತ್ತು ಗಂಟೆಗೆ ಬಸ್ಸುಂಟು."